ಪಿಳ್ಳಪ್ಪ ಹೇಳಿದ ಒನ್ಸ್‌ಮೋರ್

ಪಟಾಲಮ್ಮ ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷ ಶಶಿಧರ್ ತನ್ನ ಐವತ್ತೇಳನೆಯ ವಯಸ್ಸಿನಲ್ಲಿ ಒಂದು ರಾಕ್ ಆಲ್ಬಂ ಮಾಡಿದ. ಮಾಡಿ ಸುಮ್ಮನಿರಲಿಲ್ಲ, ಅದನ್ನೇ ಚುನಾವಣೆಯ ಪ್ರಚಾರಕ್ಕೂ ಹಚ್ಚಿದ. ಈ ಎರಡರಲ್ಲಿ ಯಾವುದು ಹೆಚ್ಚು ಅಸಹ್ಯ ಎಂದು ತೀರ್ಮಾನಿಸಲು ಪಿಳ್ಳಪ್ಪನಿಗೆ ಆಗಲಿಲ್ಲ.

ಬಡಾವಣೆ ಇರುವುದು ಹುಳಿಮಾವಿನಲ್ಲಿ, ಬನ್ನೇರುಘಟ್ಟ ರಸ್ತೆಯಿಂದ ಒಳಕ್ಕೆ. ದಿಬ್ಬದ ಮೇಲೆ ಮೇಲಿನ ಕ್ರಾಸುಗಳು. ಅಲ್ಲಿ ಕಾರು, ಸಂಪು, ನಾಯಿಗೆ ಸ್ವೆಟರು. ದಿಬ್ಬದ ಕೆಳಗೆ ಹಳೇ ಊರಿನವರ ಸಾಲುಮನೆಗಳು. ನೀರು ಮಾತ್ರ ಇಬ್ಬರಿಗೂ ಸಂಘದ ಬೋರ್‌ವೆಲ್ಲಿನದೇ. ಯಾರಿಗೆ ಯಾವಾಗ ಬಿಡಬೇಕು ಎನ್ನುವುದು ಅಧ್ಯಕ್ಷನ ಕೈಯಲ್ಲಿ. ಶಶಿಧರ್ ಅಧ್ಯಕ್ಷನಾದ ಮೇಲೆ ಮೇಲಿನವರಿಗೆ ಹಗಲು ಬಿಡುತ್ತಿದ್ದರು, ಕೆಳಗಿನವರಿಗೆ ನಡುರಾತ್ರಿ. ಕೆಳಗಿನ ಹೆಂಗಸರು ಕೊಡ ಇಟ್ಟುಕೊಂಡು ನಲ್ಲಿಯ ಮುಂದೆ ತೂಕಡಿಸುವುದು ಅಭ್ಯಾಸವಾಗಿತ್ತು.

ಪಿಳ್ಳಪ್ಪ ಕೆಳಗಿನವನು. ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುತ್ತಿದ್ದ. ಊರಿನ ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸು. ಬಡಾವಣೆಯ ಎಲ್ಲರ ಮದುವೆ, ತಿಥಿ, ಗೃಹಪ್ರವೇಶಗಳನ್ನು ಹಿಂದಿನ ಬಾಗಿಲಿನಿಂದ ನೋಡಿದ್ದರಿಂದ ಯಾರ ಮೇಲೂ ಅವನಿಗೆ ಹೆಚ್ಚು ಗೌರವ ಉಳಿದಿರಲಿಲ್ಲ. ಉಳಿದಿದ್ದ ಚೂರುಪಾರು ಗೌರವವನ್ನು ಶಶಿಧರನ ಜುಟ್ಟು ನುಂಗಿಹಾಕಿತು. ಟೈಲ್ಸ್ ಅಂಗಡಿ ಇಟ್ಟು ದುಡ್ಡು ಮಾಡಿದ ಮನುಷ್ಯ, ಮುಂದಲೆಯಲ್ಲಿ ಕೂದಲಿಲ್ಲ, ಹಿಂದೆ ಮಾತ್ರ ಬೆಳೆಸಿ ರಬ್ಬರ್‌ಬ್ಯಾಂಡ್ ಹಾಕಿದ್ದ. ಜಯನಗರದ ಯಾವುದೋ ಕ್ಲಾಸಿಗೆ ಹೋಗಿ, ಹೈಸ್ಕೂಲು ಮಕ್ಕಳ ಪಕ್ಕ ಕೂತು ಗಿಟಾರ್ ಕಲಿತಿದ್ದ. ಆಲ್ಬಮಿನ ಹೆಸರು 'ಕಾಂಕ್ರೀಟ್ ಕಣ್ಣೀರು'. ಅದರ ಪೋಸ್ಟರಿನಲ್ಲಿ ಏಪ್ರಿಲ್ ಬಿಸಿಲಿಗೆ ಕರೀ ಚರ್ಮದ ಜಾಕೀಟು ಹಾಕಿಕೊಂಡು, ತನ್ನದೇ ಟೈಲ್ಸ್ ಗೋಡೌನಿನ ಮುಂದೆ, ಮನೆಯಲ್ಲಿ ಯಾರೋ ಹೋದವರಂತೆ ಮುಖ ಮಾಡಿ ನಿಂತಿದ್ದ.

ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಪೋಸ್ಟರ್ ಬಿದ್ದದ್ದೇ ತಡ, 'ಸಖತ್ ಸಾರ್', 'ಬೆಂಕಿ ಸಾರ್', 'ಪ್ರೌಡ್ ಆಫ್ ಯೂ ಸಾರ್' ಎಂದು ಸಾಲುಗಟ್ಟಿದರು. ಒಬ್ಬನೂ ಕೇಳಿರಲಿಲ್ಲ. ಪಿಳ್ಳಪ್ಪನೂ ಕೇಳಿರಲಿಲ್ಲ. ಆದರೆ ಅದು ದರಿದ್ರ ಎಂದು ಹೇಳಲು ಅವನಿಗೆ ಕೇಳುವ ಅಗತ್ಯ ಕಾಣಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಹಂಡೆ ಎಣಿಸಿಕೊಡುವಾಗಲೂ ಹೇಳಿದ.

ಇನ್ನು ಚುನಾವಣೆ. ರಿಜಿಸ್ಟರ್ ಆದ ಸಂಘ, ನಾಮಪತ್ರ, ಮತಪೆಟ್ಟಿಗೆ ಎಲ್ಲವೂ ಇತ್ತು. ಆದರೆ ಅದು ಸರ್ಕಾರಕ್ಕೆ ತೋರಿಸಲು. ನಿಜವಾದ ಆಯ್ಕೆ ನಡೆಯುತ್ತಿದ್ದದ್ದು ಅದಕ್ಕೆ ಹದಿನೈದು ದಿನ ಮುಂಚೆ, ಹಳೇ ಊರಿನವನಾದರೂ ದಿಬ್ಬದ ಮೇಲೆ ಮನೆ ಕಟ್ಟಿದ್ದ ಹಿರಿಯ ಲಕ್ಕಪ್ಪನ ಅಂಗಳದಲ್ಲಿ. ಅದಕ್ಕೆ 'ಕೈ ಭಾನುವಾರ' ಎನ್ನುತ್ತಿದ್ದರು. ಅಲ್ಲಿ ಹೆಸರು ಹೇಳಬೇಕು, ಸೇರಿದವರು ಕೈ ಎತ್ತಬೇಕು, ಹೆಚ್ಚು ಕೈ ಬಿದ್ದವನೊಬ್ಬನೇ ನಾಮಪತ್ರ ಹಾಕಬೇಕು. ಒಬ್ಬರ ಬಾಯಿಗೆ ಒಂದೇ ಹೆಸರು. ಆಡಿದ ಹೆಸರನ್ನು ವಾಪಸ್ ತೆಗೆದುಕೊಳ್ಳುವಂತಿಲ್ಲ. ಇದು ಲಕ್ಕಪ್ಪನ ಅಪ್ಪನ ಕಾಲದ ಕಟ್ಟಳೆ.

ಈ ಸಲ ಪಿಳ್ಳಪ್ಪ ತನ್ನ ತಂಗಿ ಸುಧಾಮಣಿಯ ಹೆಸರು ಹೇಳುವವನಿದ್ದ. ಸುಧಾಮಣಿ ಕೆಳಗಿನ ಸಾಲಿನಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಅಧ್ಯಕ್ಷಳಾದರೆ ಹಗಲು ನೀರು ಎಂಬುದೊಂದೇ ಅವಳ ಮಾತು. ಅದನ್ನು ಹೇಳಿಕೊಂಡು ಬೇಸಿಗೆಯಿಡೀ ಮನೆಮನೆ ತಿರುಗಿದ್ದಳು. ಕೆಳಗಿನವರು ಅವಳ ಕಡೆ ಗಟ್ಟಿಯಾಗಿದ್ದರು, ಮೇಲಿನ ಹೆಂಗಸರಲ್ಲೂ ಕೆಲವರು ಬ್ಲೌಸಿನ ಋಣಕ್ಕೆ ಒಪ್ಪಿದ್ದರು.

ಶನಿವಾರ ಸಂಜೆ ಅವಳು ಅಣ್ಣನನ್ನು ಕೂರಿಸಿಕೊಂಡು ಹೇಳಿದಳು:

"ನಾಳೆ ನೀನು ಒಂದೇ ಮಾತು ಆಡ್ಬೇಕು. 'ಸುಧಾಮಣಿ ಹೆಸರು ಹೇಳ್ತಿದೀನಿ.' ಅದಕ್ಕೆ ಮುಂಚೆ ಏನಿಲ್ಲ, ಆಮೇಲೆ ಏನಿಲ್ಲ."

"ಅಷ್ಟಕ್ಕೆ ನಾನ್ಯಾಕೆ? ಒಂದು ಗಿಣಿ ಸಾಕೊ."

"ಸಿಕ್ಕಿದ್ರೆ ಗಿಣೀನೇ ಕರ್ಕೊಂಡು ಹೋಗ್ತಿದ್ದೆ. ಗಿಣಿ ಯಾರ ಜೊತೆನೂ ಜಗಳಕ್ಕೆ ಬೀಳಲ್ಲ."

"ಆ ಜುಟ್ಟಿನವನು ಹಾಡ್ತಾನಂತೆ ನಾಳೆ."

"ಹಾಡ್ಲಿ. ನೀನು ಬಾಯಿ ಮುಚ್ಕೊಂಡು ಕೇಳು. ಅಣ್ಣ, ನನ್ನ ನೋಡು ಇಲ್ಲಿ. ಕೆಮ್ಮು ಬಂದ್ರೂ ತಡ್ಕೊ."

ಪಿಳ್ಳಪ್ಪ ಆಗಲಿ ಎಂದ. ಅವಳು ಅಷ್ಟೊಂದು ಒತ್ತಿ ಹೇಳಿದ್ದು ಯಾಕೆ ಎಂದು ಯೋಚಿಸಲಿಲ್ಲ.

ಭಾನುವಾರ ಲಕ್ಕಪ್ಪನ ಅಂಗಳ ತುಂಬಿತು. ಶಾಮಿಯಾನವೂ ಕುರ್ಚಿಯೂ ಪಿಳ್ಳಪ್ಪನವೇ. ಮೇಲಿನವರು ಮುಂದೆ ಕೂತರು, ಕೆಳಗಿನವರು ಹಿಂದೆ. ಸಂಘದ ಕಾರ್ಯದರ್ಶಿ ಯುವರಾಜ್ ಮೈಕು ಹಿಡಿದು, "ಹೆಸರು ಕರೆಯೋಕೆ ಮುಂಚೆ ನಮ್ಮ ಅಧ್ಯಕ್ಷರು ತಮ್ಮ ಆಲ್ಬಮಿಂದ ಒಂದೇ ಒಂದು ಹಾಡು ಕೇಳಿಸ್ತಾರೆ. ಲೆಜೆಂಡ್ ಅವ್ರು" ಎಂದ. ಯುವರಾಜ ಹೊಗಳದ ಅಧ್ಯಕ್ಷ ಬಡಾವಣೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಶಶಿಧರ್ ಗಿಟಾರ್ ನೇತುಹಾಕಿಕೊಂಡು ಬಂದ. ಹಿಂದಿನಿಂದ ರೆಕಾರ್ಡಿನ ಡ್ರಮ್ಮು ಶುರುವಾಯಿತು. ಹಾಡಿನ ಹೆಸರು 'ಸಿಗ್ನಲ್ ಸಿಂಹ'. ಸಿಲ್ಕ್‌ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತ ಒಬ್ಬ ಮನುಷ್ಯನಿಗೆ ತಾನು ಸಿಂಹ ಅನಿಸುತ್ತದಂತೆ. ಅನಿಸಲಿ, ಸಿಗ್ನಲ್ಲು ಬಿಟ್ಟ ಮೇಲೆ ಹೋಗಲಿ. ಇವನು ಹೋಗಲಿಲ್ಲ. 'ಸಿಗ್ನಲ್, ಸಿಗ್ನಲ್, ಸಿಗ್ನಲ್' ಎಂದು ಕಣ್ಣು ಮುಚ್ಚಿ ಗರ್ಜಿಸಿದ. ಗಂಟಲಿನ ನರ ಉಬ್ಬಿತು. ಮುಂದಿನ ಸಾಲಿನವರು ಸಾವಿನ ಮನೆಯ ಗಾಂಭೀರ್ಯದಿಂದ ತಲೆ ಆಡಿಸಿದರು. ಹಾಡಿನ ಕೊನೆಯಲ್ಲಿ ಅವನು ಮಂಡಿಯೂರಲು ಹೋಗಿ, ಮಂಡಿ ಹಿಡಿದುಕೊಂಡು, ಯುವರಾಜನ ಭುಜ ಹಿಡಿದು ಮೇಲೆದ್ದ.

ಪಿಳ್ಳಪ್ಪ ಅಷ್ಟು ಹೊತ್ತೂ ಹಲ್ಲು ಕಚ್ಚಿಕೊಂಡಿದ್ದ. ಹೆಂಗಸರ ಕಡೆಯಿಂದ ಸುಧಾಮಣಿ ನೆಟ್ಟ ಕಣ್ಣಿನಿಂದ ಅವನನ್ನೇ ನೋಡುತ್ತಿದ್ದಳು. ಆದರೆ ಆ ಮಂಡಿಯನ್ನು ಅವನಿಂದ ತಡೆದುಕೊಳ್ಳಲು ಆಗಲಿಲ್ಲ. ಅವನು ಹುಡುಗನಾಗಿದ್ದಾಗ ಊರಿನ ನಾಟಕದಲ್ಲಿ ಯಾವನಾದರೂ ದುರ್ಯೋಧನ ತೀರಾ ಕೆಟ್ಟದಾಗಿ ಸತ್ತರೆ, ಹಿಂದೆ ಕೂತವರು ಒನ್ಸ್‌ಮೋರ್ ಎಂದು ಕೂಗುತ್ತಿದ್ದರು. ಸತ್ತವನು ಎದ್ದು ಮತ್ತೆ ಸಾಯಬೇಕಿತ್ತು. ಮತ್ತೆ ಕೂಗುತ್ತಿದ್ದರು, ಮತ್ತೆ ಸಾಯಬೇಕಿತ್ತು. ನಟನಿಗೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇರಲಿಲ್ಲ.

"ಒನ್ಸ್‌ಮೋರ್" ಎಂದು ಪಿಳ್ಳಪ್ಪ ಕೂಗಿದ. ಶಾಮಿಯಾನದ ಗೂಟ ಹೊಡೆಸುವ ಗಂಟಲು ಅದು. ಅಂಗಳಕ್ಕೆಲ್ಲ ಕೇಳಿಸಿತು.

ಹಿಂದಿನವರು ಗೊಳ್ಳೆಂದು ನಕ್ಕರು. ಮುಂದಿನವರು ಅದನ್ನು ಹೊಗಳಿಕೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ಶಶಿಧರ್ ಒಂದು ಕ್ಷಣ ಪಿಳ್ಳಪ್ಪನ ಮುಖವನ್ನೇ ನೋಡಿದ. ಅವನ ಕಿವಿ ಕೆಂಪಾಯಿತು. ಆಮೇಲೆ ನಕ್ಕು, ಮೈಕು ತೆಗೆದುಕೊಂಡ.

"ಪಿಳ್ಳಪ್ಪನವರು ಒನ್ಸ್‌ಮೋರ್ ಅಂದಿದ್ದಾರೆ. ಇದನ್ನ ನಾನು ಬರೀ ಹಾಡಿಗೆ ಅಂತ ತಗೊಳ್ಳಲ್ಲ. ಇನ್ನೊಂದು ಸಲ ನೀವೇ ಅಧ್ಯಕ್ಷರಾಗಿ ಅಂತ ಅವ್ರು ತುಂಬು ಹೃದಯದಿಂದ ಹೇಳ್ತಿದಾರೆ."

"ಹೆಸರು ಹೇಳಿದವರು ಪಿಳ್ಳಪ್ಪಣ್ಣ," ಎಂದ ಯುವರಾಜ್, ಉಸಿರೂ ಬಿಡದೆ. "ಶಶಿಧರ್ ಸಾರ್‌ಗೆ ಒಪ್ಪಿಗೆ ಇರೋರು ಕೈ ಎತ್ತಿ."

ಮುಂದಿನ ಕೈಗಳೆಲ್ಲ ಎದ್ದವು. ಅದು ಹೋಗಲಿ. ಹಿಂದಿನ ಕೈಗಳೂ ಒಂದೊಂದಾಗಿ ಎದ್ದವು. ಸ್ವಂತ ಅಣ್ಣನೇ ಇನ್ನೊಬ್ಬನ ಹೆಸರು ಹೇಳಿದ ಮೇಲೆ ತಂಗಿ ಹಿಂದೆ ಸರಿದಿದ್ದಾಳೆ, ಒಳಗೊಳಗೇ ರಾಜಿಯಾಗಿದೆ ಎಂದು ಕೆಳಗಿನವರು ತಿಳಿದರು.

ಪಿಳ್ಳಪ್ಪ ಎದ್ದು ನಿಂತ. ಆಗ ಅವನು ಸಮಾಧಾನವಾಗಿ ವಿವರಿಸಿದ್ದರೆ ಏನಾಗುತ್ತಿತ್ತೋ. ಅವನು ಮುಂದಿನವರನ್ನು ಕುರಿಗಳು ಎಂದ, ಹಿಂದಿನವರನ್ನು ಕುರಿಯ ಬಾಲ ಎಂದ, ಯುವರಾಜನನ್ನು ಏನೆಂದನೋ ಅದನ್ನು ಅಲ್ಲಿದ್ದ ಹೆಂಗಸರು ಕೇಳಿಸಿಕೊಳ್ಳಲಿಲ್ಲ ಎಂದುಕೊಳ್ಳೋಣ. ಎತ್ತಿದ್ದ ಕೈಗಳು ಇನ್ನಷ್ಟು ಮೇಲೆ ಹೋದವು.

"ಕೂತ್ಕೊಳೋ ಪಿಳ್ಳ," ಎಂದ ಲಕ್ಕಪ್ಪ. "ಒಂದು ಬಾಯಿಗೆ ಒಂದು ಹೆಸರು. ನಿಂದು ಮುಗೀತು."

"ನಾನು ಹೆಸರು ಎಲ್ಲಿ ಹೇಳ್ದೆ?"

"ಒನ್ಸ್‌ಮೋರ್ ಅಂದ್ಯೋ ಇಲ್ವೋ?"

"ಅಂದೆ."

"ಮತ್ತೆ? ಕೈ ಎದ್ದಾಯ್ತು. ಎದ್ದ ಕೈ ಇಳಿಸೋ ಪದ್ಧತಿ ಈ ಅಂಗಳದಲ್ಲಿಲ್ಲ."

ಸುಧಾಮಣಿ ಎದ್ದು ಮನೆಗೆ ಹೋದಳು. ಪಿಳ್ಳಪ್ಪ ಹಿಂದೆಯೇ ಹೋದ. ಅವಳು ಹೊಲಿಗೆ ಮೆಷಿನ್ನಿನ ಮುಂದೆ ಕೂತು ಯಾರದೋ ಬ್ಲೌಸಿನ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚುತ್ತಿದ್ದಳು.

"ನೀನು ಹೇಳಿದ್ಮೇಲೆ ಅವನೂ ಇವತ್ತು ನನ್ನ ಹೆಸರೇ ಹೇಳೋನಿದ್ದ," ಎಂದಳು, ತಲೆ ಎತ್ತದೆ.

"ಯಾರು?"

"ಶಶಿಧರ್. ನಾನು ಹೋದ ವಾರ ಅವನ ಮನೆಗೆ ಹೋಗಿದ್ದೆ. ಆಲ್ಬಂ ಪೂರ್ತಿ ಕೇಳ್ದೆ. ಐದನೇ ಹಾಡು ಚೆನ್ನಾಗಿದೆ ಅಂದೆ. ಅವನ ಕಣ್ಣಲ್ಲಿ ನೀರು ಬಂತು ಅಣ್ಣ. ಒಂದು ಸಲ ಎಲ್ಲರ ಮುಂದೆ ಮರ್ಯಾದೆಯಿಂದ ಹಾಡ್ಬೇಕು ಅಷ್ಟೇ, ಆಮೇಲೆ ಈ ವಾಲ್ವ್, ಮೋಟರ್ ತಾಪತ್ರಯ ನಂಗೆ ಬೇಡ, ನೀವೇ ಆಗಿ ಅಂದಿದ್ದ."

"ಇದನ್ನ ನಂಗೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಸಂಜೆಯೊಳಗೆ ಹಂಡೆ ತಗೊಳಕ್ಕೆ ಬಂದೋರಿಗೆಲ್ಲ ಹೇಳಿರ್ತಿದ್ದೆ. ಜುಟ್ಟಿನವನು ನನ್ನ ತಂಗಿ ಕಾಲಿಗೆ ಬಿದ್ದ ಅಂತ."

ಹೇಳಿರುತ್ತಿದ್ದ.

ಮಾರನೆಯ ದಿನ ಅವನು ದಿಬ್ಬ ಹತ್ತಿ ಶಶಿಧರನ ಮನೆಗೆ ಹೋದ. ಮನೆಯಲ್ಲಿ ನೆಲ, ಗೋಡೆ, ಹೂಕುಂಡ ಎಲ್ಲಕ್ಕೂ ಟೈಲ್ಸು. ಬಚ್ಚಲುಮನೆಯ ಒಳಗೆ ಸೋಫಾ ಹಾಕಿದಂತಿತ್ತು. ಅವನಿಗೆ ಬೇಡಿಕೊಂಡು ಅಭ್ಯಾಸವಿಲ್ಲ. ನಿಂತುಕೊಂಡೇ, "ನಾನು ಬಾಯಿಬಿಟ್ಟಿದ್ದು ತಪ್ಪು. ನೀವು ನಾಮಪತ್ರ ಹಾಕ್ಬೇಡಿ" ಎಂದ.

"ಒನ್ಸ್‌ಮೋರ್ ಅಂದ್ರೆ ಏನು ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡ್ರಾ ಪಿಳ್ಳಪ್ಪನವರೇ?" ಎಂದ ಶಶಿಧರ್. "ನಮ್ಮಪ್ಪ ದುರ್ಯೋಧನನ ಪಾರ್ಟ್ ಮಾಡ್ತಿದ್ರು. ನಾನು ಸೈಡ್‌ವಿಂಗಲ್ಲಿ ನಿಂತು ಎಣಿಸ್ತಿದ್ದೆ, ಎಷ್ಟು ಸಲ ಸಾಯಿಸಿದ್ರು ಅಂತ."

ಆ ದುರ್ಯೋಧನನ ಬಗ್ಗೆ ಪಿಳ್ಳಪ್ಪನಿಗೆ ಸ್ವಲ್ಪ ಕನಿಕರ ಬಂತು. ಮಗನ ಬಗ್ಗೆ ಬರಲಿಲ್ಲ.

"ಒಂದು ಕೆಲಸ ಮಾಡಿ. ಆಲ್ಬಂ ಪೂರ್ತಿ ಕೇಳಿ. ಕೇಳಿ ಗ್ರೂಪಲ್ಲಿ ಒಂದು ಸಾಲು ಬರೀರಿ, ಚೆನ್ನಾಗಿದೆ ಅಂತ. ನೀವು ಇಷ್ಟು ವರ್ಷದಲ್ಲಿ ಯಾರನ್ನೂ ಹೊಗಳಿದೋರಲ್ಲ. ನೀವು ಬರೆದ್ರೆ ಜನ ನಂಬ್ತಾರೆ. ಬರೀರಿ, ನಾನು ನಾಮಪತ್ರ ಹಾಕಲ್ಲ."

"ಚೆನ್ನಾಗಿಲ್ದೆ ಹೋದ್ರೆ?"

"ಅದು ನಿಮ್ಮ ಹಣೆಬರಹ."

ಪಿಳ್ಳಪ್ಪ ತನ್ನ ಗೋಡೌನಿನಲ್ಲಿ, ಮಗುಚಿಟ್ಟ ಹಂಡೆಯೊಂದರ ಮೇಲೆ ಕೂತು ಆಲ್ಬಂ ಕೇಳಿದ. ಮೊದಲನೆಯದು ಸಿಗ್ನಲ್ ಸಿಂಹ. ಅದರ ಮಾತು ಬೇಡ. ಎರಡನೆಯದರ ಹೆಸರು 'ಬೂದಿ'. ಅದರಲ್ಲಿ ಜಗತ್ತೆಲ್ಲ ಸುಟ್ಟು ಹೋಗಲಿ ಎಂದು ಶಾಪ ಹಾಕುತ್ತಿದ್ದ. ಫೈರ್ ಇನ್ಶೂರೆನ್ಸ್ ಇರುವ ಗೋಡೌನಿನ ಮಾಲೀಕನಿಗೆ ಈ ಶಾಪ ಸುಲಭ. ಮೂರನೆಯದು ಪ್ರೇಮಗೀತೆ. 'ನಿನ್ನ ಕಣ್ಣು ನನ್ನ ಬಂಡೆ' ಎಂದಿದ್ದ. ಕಣ್ಣು ಹೇಗೆ ಬಂಡೆಯಾಗುತ್ತದೆ, ರಾಕ್ ಎನ್ನುವುದಕ್ಕೆ ಯಾರೋ ಬಂಡೆ ಎಂದು ಅರ್ಥ ಹೇಳಿಕೊಟ್ಟು ಇವನು ಅದನ್ನು ಸಿಕ್ಕಸಿಕ್ಕಲ್ಲಿ ಉರುಳಿಸಿದ್ದಾನೆ ಎಂದು ಪಿಳ್ಳಪ್ಪ ನಿಶ್ಚಯಿಸಿದ. ನಾಲ್ಕನೆಯದರಲ್ಲಿ ಮಾತೇ ಇರಲಿಲ್ಲ, ಗಿಟಾರ್ ಒಂದೇ. ಅದು ಸ್ಟೀಲ್ ಪಾತ್ರೆಯನ್ನು ಸಿಮೆಂಟಿನ ಮೇಲೆ ಎಳೆದ ಸದ್ದು. ಆ ಸದ್ದು ಕೇಳಿದಾಗಲೆಲ್ಲ ಅವನು ಕೂಲಿಯವರಿಗೆ ಬೈಯುತ್ತಿದ್ದ. ಇಲ್ಲಿ ಬೈಯಲು ಯಾರೂ ಇರಲಿಲ್ಲ.

ಐದನೆಯದು ಬಂತು. ಗಿಟಾರ್ ಇತ್ತು, ಆದರೆ ದೂರದಲ್ಲಿ ಇತ್ತು. ಶಶಿಧರ್ ಗರ್ಜಿಸದೆ, ಬರೀ ತನ್ನ ಬೋಳು ದನಿಯಲ್ಲಿ ಹೇಳಿದ್ದ:

ನಲ್ಲಿ ಕೆಮ್ಮಿತು, ಅಮ್ಮ ಎದ್ದಳು
ನೀರು ಬರಲಿಲ್ಲ, ನಿದ್ದೆ ಬರಲಿಲ್ಲ
ಕೊಡಕ್ಕೆ ತಲೆ ಕೊಟ್ಟು ಕೂತಳು ಅಮ್ಮ
ಊರಿಗೆ ಬೆಳಗಾಯ್ತು, ಅವಳಿಗೆ ಆಗಲಿಲ್ಲ

ಪಿಳ್ಳಪ್ಪ ಹಂಡೆಯ ಮೇಲಿಂದ ಎದ್ದ. ಅವನಿಗೆ ಬಂದದ್ದು ಕಣ್ಣೀರಲ್ಲ, ಕೋಪ. ಕೆಳಗಿನವರಿಗೆ ನಡುರಾತ್ರಿ ನೀರು ಬಿಡುವ ಈ ಭೂಪ ಕೊಡದ ಮೇಲೆ ತಲೆ ಇಟ್ಟ ಅಮ್ಮನ ಹಾಡು ಬರೆದಿದ್ದಾನೆ. ಅದೂ ಚೆನ್ನಾಗಿ ಬರೆದಿದ್ದಾನೆ. ಕೆಟ್ಟದಾಗಿ ಬರೆದಿದ್ದರೆ ಕ್ಷಮಿಸಬಹುದಿತ್ತು. ಕೊನೆಯದಾದ ಆರನೆಯ ಹಾಡನ್ನು ಕೇಳಿದನೋ ಇಲ್ಲವೋ ಅವನಿಗೆ ನೆನಪಿಲ್ಲ.

ಆದರೂ ತಂಗಿಗೋಸ್ಕರ ಗ್ರೂಪಿನಲ್ಲಿ ಬರೆದ: 'ಆಲ್ಬಂ ಪೂರ್ತಿ ಕೇಳಿದೆ. ಚೆನ್ನಾಗಿದೆ. ಇಂತಿ ಪಿಳ್ಳಪ್ಪ.' ಕಳಿಸುವ ಮುಂಚೆ ಅಂಗಡಿಯ ಸುತ್ತ ಎರಡು ಸಲ ಓಡಾಡಿದ. ಭೇದಿ ಔಷಧಿ ಕುಡಿಯುವವನಂತೆ ಕಣ್ಣು ಮುಚ್ಚಿ ಒತ್ತಿದ.

ಮೊದಲು ಒಂದು ನಗುವ ಮುಖ ಬಂತು. ಆಮೇಲೆ ನಗುನಗುತ್ತಾ ಕಣ್ಣೀರು ಹಾಕುವ ಮುಖಗಳ ಸಾಲೇ ಬಂತು. 'ಪಿಳ್ಳಪ್ಪಣ್ಣ, ಸಾಯಿಸ್ಬಿಟ್ರಿ.' 'ಗುರುವೇ, ಇಂತಿ ಅಂತೆ, ನಕ್ಕು ಸಾಕಾಯ್ತು.' 'ಇನ್ನೊಂದು ಸಾಲು ಬರೀರಣ್ಣ, ಪ್ಲೀಸ್.' ಪಿಳ್ಳಪ್ಪ 'ನಿಜವಾಗಿ ಹೇಳ್ತಿದೀನಿ' ಎಂದು ಬರೆದ. ಅದಕ್ಕೆ ಇನ್ನೂ ಹೆಚ್ಚು ನಕ್ಕರು. 'ತಮಾಷೆ ಅಲ್ಲ, ನನ್ನಾಣೆ' ಎಂದು ಬರೆದ. ಯುವರಾಜ್ ಅದರ ಫೋಟೋ ತೆಗೆದು ತನ್ನ ಸ್ಟೇಟಸ್ಸಿಗೆ ಹಾಕಿಕೊಂಡ. ಜನ್ಮದಲ್ಲೇ ಯಾರನ್ನೂ ಹೊಗಳದ ಮನುಷ್ಯ ಹೊಗಳಿದರೆ ಅದು ಬೈಗುಳವೇ ಎಂದು ಬಡಾವಣೆಗೆ ಖಚಿತವಾಗಿತ್ತು.

ಸ್ವಲ್ಪ ಹೊತ್ತಿಗೆ ಶಶಿಧರನ ಫೋನು ಬಂತು. "ಮತ್ತೆ ಸಾಯಿಸಿದ್ರಿ," ಎಂದ. "ನಾಮಪತ್ರ ಹಾಕ್ತಿದೀನಿ." ಫೋನು ಇಟ್ಟ.

ಮರುದಿನ ಬೆಳಿಗ್ಗೆ ಪಿಳ್ಳಪ್ಪ ಬೇಕರಿಯ ಮುಂದೆ ಟೀ ಕುಡಿಯುತ್ತಿದ್ದಾಗ ಲಕ್ಕಪ್ಪ ಬಂದ. ಅವನಿಗೂ ಗ್ರೂಪಿನ ಸಮಾಚಾರ ಗೊತ್ತಿತ್ತು. "ಏನಯ್ಯಾ, ನನ್ನಾಣೆ ಅಂದ್ಯಂತೆ," ಎಂದು ಬನ್ನು ಕಚ್ಚುತ್ತಾ ನಕ್ಕ. "ಆ ಟೈಲ್ಸಿನೋನ ಕಿರುಚಾಟ ನಮ್ಮನೆ ಎಮ್ಮೆ ಕೇಳಿದ್ರೆ ಹಾಲು ಬತ್ತೋಗುತ್ತೆ."

ಪಿಳ್ಳಪ್ಪ ಇದೇ ಮಾತನ್ನು ತಾನೇ ನೂರು ಸಲ ಹೇಳಿದ್ದ. ಆದರೆ ಕೇಳದೆಯೇ ಹೇಳುವ ಹಕ್ಕು ತನಗೊಬ್ಬನಿಗೇ ಇದೆ ಎಂದು ಅವನ ನಂಬಿಕೆ.

"ಕೇಳಿದ್ದೀಯಾ?"

"ಏನು ಕೇಳೋದು?"

"ಕೇಳ್ದೆ ನಗಬೇಡ. ನಾನು ಕೇಳಿ ಬೈತಿದೀನಿ, ನಂದು ನ್ಯಾಯ. ಅದ್ರಲ್ಲಿ ಒಂದು ಹಾಡಿದೆ. ನಲ್ಲಿ ಮುಂದೆ ಕೊಡದ ಮೇಲೆ ತಲೆ ಇಟ್ಟು ಮಲ್ಕೊಂಡಿರೋ ಹೆಂಗಸಿನ ಹಾಡು. ನಿಂಗೆ ಅರ್ಥ ಆಗಲ್ಲ. ನಿಂಗೆ ಹಗಲು ನೀರು ಬರುತ್ತೆ. ನಿನ್ನ ಹೆಂಡ್ತಿ ಆ ಥರ ಮಲಗಿದಾಳಾ? ನನ್ನ ತಂಗಿ ಮಲಗ್ತಾಳೆ. ಬನ್ನು ತಿನ್ನು ನೀನು."

"ನಾನೂ ಮಲಗ್ತೀನಿ," ಎಂದಿತು ಒಂದು ದನಿ. ಕೆಳಗಿನ ಸಾಲಿನ ಕೆಂಪಕ್ಕ, ಬ್ರೆಡ್ಡಿಗೆ ಬಂದಿದ್ದಳು. "ಯಾವುದೋ ಪಿಳ್ಳ ಅದು ಹಾಡು? ಹಾಕು ನೋಡಾಣ."

ಪಿಳ್ಳಪ್ಪ ಫೋನಿನಲ್ಲಿ ಹಾಕಿದ. ಬೇಕರಿಯವನು ಮಿಕ್ಸಿ ನಿಲ್ಲಿಸಿದ. ಕೆಂಪಕ್ಕ ತಲೆ ಬಗ್ಗಿಸಿ ಕೊನೆಯವರೆಗೂ ಕೇಳಿದಳು.

"ಇದನ್ನ ಬರೆದೋನು ಅವನೇನಾ?"

"ಅವನೇ."

"ಇಷ್ಟೆಲ್ಲ ಗೊತ್ತಿದ್ದೂ ಹಗಲು ನೀರು ಬಿಡೋಕೆ ಅವನಿಗೇನು ರೋಗ?"

ಲಕ್ಕಪ್ಪ ಬನ್ನು ನುಂಗಿ, ಮನೆಯ ಕಡೆ ಹೊರಟ. ಕೆಂಪಕ್ಕ ತನ್ನ ಫೋನು ಚಾಚಿದಳು. "ನಂಗೆ ಕಳ್ಸು ಅದನ್ನ."

ಅವತ್ತು ಸಾಯಂಕಾಲದ ಹೊತ್ತಿಗೆ ಹಾಡು ಕೆಳಗಿನ ಸಾಲಿನ ಎಲ್ಲ ಫೋನುಗಳಲ್ಲೂ ಇತ್ತು. ಹೆಂಗಸರು ಅದನ್ನು ಅಕ್ಕಿ ಆರಿಸುತ್ತಾ ಹಾಕಿಕೊಂಡರು, ಪಾತ್ರೆ ತೊಳೆಯುತ್ತಾ ಹಾಕಿಕೊಂಡರು. ಉಳಿದ ಹಾಡುಗಳನ್ನು ಯಾರೂ ಮುಟ್ಟಲಿಲ್ಲ. ಅಷ್ಟರಮಟ್ಟಿಗೆ ಜನರಿಗೆ ಬುದ್ಧಿ ಇದೆ ಎಂದು ಪಿಳ್ಳಪ್ಪ ಒಪ್ಪಿಕೊಂಡ. ಕೆಂಪಕ್ಕನೇ ಮುಂದೆ ನಿಂತು, ಸುಧಾಮಣಿಯಿಂದ ನಾಮಪತ್ರ ಹಾಕಿಸಿದಳು. ಕೈ ಭಾನುವಾರ ಮುಗಿದ ಮೇಲೆ ಇನ್ನೊಬ್ಬರು ನಾಮಪತ್ರ ಹಾಕಿದ್ದು ಬಡಾವಣೆಯ ಇತಿಹಾಸದಲ್ಲೇ ಅದೇ ಮೊದಲು. ಲಕ್ಕಪ್ಪ ಸಿಟ್ಟಾಗಿ, ತನ್ನ ಅಂಗಳಕ್ಕೆ ಇನ್ನು ಯಾರೂ ಕಾಲಿಡಬೇಡಿ ಎಂದ. ಯಾರೂ ಇಡಲಿಲ್ಲ, ಅದೇ ಅವನಿಗೆ ಇನ್ನೂ ಸಿಟ್ಟು ತರಿಸಿತು.

ಹೀಗೆ ಶಶಿಧರ್ ಮೊದಲ ಸಲ ದಿಬ್ಬ ಇಳಿದು ವೋಟು ಕೇಳಬೇಕಾಗಿ ಬಂತು. ಗಿಟಾರ್ ಹಾಕಿಕೊಂಡು, ಯುವರಾಜನನ್ನು ಹಿಂದಿಟ್ಟುಕೊಂಡು ಬಂದ. ಸುಧಾಮಣಿ ಅಣ್ಣನನ್ನು ತನ್ನ ಬಾಗಿಲಿನೊಳಗೆ ಎಳೆದು ನಿಲ್ಲಿಸಿದಳು.

"ಒಂದು ಅಕ್ಷರ ಆಡಿದ್ರೆ ನಾನು ನಿನ್ನ ತಂಗಿ ಅಲ್ಲ."

ಶಶಿಧರ್ ಮೊದಲ ಮನೆಯ ಮುಂದೆ ನಿಂತಾಗ ಒಳಗಿನಿಂದ ಅವನದೇ ದನಿ ಕೇಳಿಸಿತು. ಎರಡನೆಯ ಮನೆಯಿಂದಲೂ ಅದೇ. ಅವನು ದಾರಿ ತಪ್ಪಿದವನಂತೆ ಆ ಮನೆ ಈ ಮನೆ ನೋಡಿದ. ಮುಖದ ಮೇಲೆ ಒಂದು ಬೆಳಕು ಹತ್ತಿತು. ವೋಟು ಕೇಳುವುದನ್ನೇ ಮರೆತ.

"ಅಧ್ಯಕ್ಷ್ರೇ, ಆ ನಲ್ಲಿ ಹಾಡು ಬಾಯಲ್ಲಿ ಹೇಳಿ," ಎಂದಳು ಕೆಂಪಕ್ಕ, ಜಗಲಿಯ ಮೇಲೆ ಜಾಗ ಮಾಡಿಕೊಟ್ಟು.

ಅವನು ಕೂತು ಹಾಡಿದ. ಯುವರಾಜ್ ವಿಡಿಯೋ ತೆಗೆದ. ಸಾಲಿನ ಹೆಂಗಸರೆಲ್ಲ ಬಂದು ನಿಂತರು. ಯಾರೂ ನಗಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ಬಾಗಿಲ ಹಿಂದೆ ಪಿಳ್ಳಪ್ಪನ ಬಾಯಿಗೆ ಹತ್ತಾರು ಮಾತು ಬಂದವು. ತುಟಿ ಕಚ್ಚಿಕೊಂಡು ನಿಂತ. ಸುಧಾಮಣಿ ಅವನ ಅಂಗಿಯ ತೋಳನ್ನು ಬಿಟ್ಟಿರಲಿಲ್ಲ.

ಹಾಡು ಮುಗಿದ ಮೇಲೆ ಕೆಂಪಕ್ಕ ಕೇಳಿದಳು: "ಯಾರ ಮೇಲೆ ಬರೆದಿದ್ದು ಸ್ವಾಮಿ?"

"ನಮ್ಮ ತಾಯಿ ಮೇಲೆ. ಮಡಿವಾಳದಲ್ಲಿ ವಠಾರದಲ್ಲಿದ್ವಿ. ಒಂದೇ ನಲ್ಲಿ."

"ಅವಳಿಗೂ ಯಾರಾದ್ರೂ ಅಧ್ಯಕ್ಷ ಇದ್ನಾ, ರಾತ್ರಿ ನೀರು ಬಿಡೋಕೆ?"

ಶಶಿಧರ್ ಬಾಯಿ ತೆರೆದ. ನಲ್ಲಿಯಿಂದ ಬರೀ ಗಾಳಿ ಬಂದ ಹಾಗಿತ್ತು. ಯುವರಾಜ್ ವಿಡಿಯೋ ನಿಲ್ಲಿಸಿದ. "ಮೇಲೆ ಪ್ರೆಶರ್ ಪ್ರಾಬ್ಲಂ ಇದೆ ಆಂಟಿ" ಎಂದು ಶುರುಮಾಡಿದವನನ್ನು ಶಶಿಧರನೇ ಕೈ ಸನ್ನೆಯಿಂದ ತಡೆದ. ಗಿಟಾರನ್ನು ಬೆನ್ನಿಗೆ ಹಾಕಿಕೊಂಡು ಎದ್ದ. ಉಳಿದ ಮನೆಗಳಿಗೆ ಹೋಗಲಿಲ್ಲ.

ಮಾರನೆಯ ದಿನ ಅವನು ನಾಮಪತ್ರ ವಾಪಸ್ ತೆಗೆದ. ಗ್ರೂಪಿನಲ್ಲಿ, ಇನ್ನು ಮುಂದೆ ಪೂರ್ತಿ ಸಂಗೀತಕ್ಕೆ ಸಮಯ ಕೊಡುತ್ತೇನೆ ಎಂದು ಬರೆದ. ಅವನಿಗೆ ನಾಚಿಕೆಯಾಯಿತು ಎಂದು ಸುಧಾಮಣಿ ಹೇಳಿದಳು. ನಾಚಿಕೆಯೂ ಇಲ್ಲ, ಮಣ್ಣೂ ಇಲ್ಲ, ಹಾಡು ಕೇಳುವ ಜನ ಸಿಕ್ಕಿದರು, ಅವರನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ ಎಂದು ಪಿಳ್ಳಪ್ಪ ಹೇಳಿದ. ಯುವರಾಜ್ ಅದೇ ಸಂಜೆ ಸುಧಾಮಣಿಯ ಮನೆಗೆ ಬಂದು, "ಲೆಜೆಂಡ್ ಅಕ್ಕ ನೀವು" ಎಂದ.

ಸುಧಾಮಣಿ ಅವಿರೋಧವಾಗಿ ಅಧ್ಯಕ್ಷಳಾದಳು. ಕೆಳಗಿನವರಿಗೆ ಬೆಳಿಗ್ಗೆ, ಮೇಲಿನವರಿಗೆ ಮಧ್ಯಾಹ್ನ ಎಂದು ನೀರು ಬಿಡುವವನಿಗೆ ಹೇಳಿದಳು. ಮೇಲಿನವರು ಗೊಣಗಿದರು. ಸಂಪು ಇದ್ದವರ ಗೊಣಗಾಟ ಎಷ್ಟು ದಿನ.

ಒಂದು ವಾರದ ಮೇಲೆ ಶಶಿಧರ್ ಪಿಳ್ಳಪ್ಪನ ಅಂಗಡಿಗೆ ಬಂದ. ಕುರ್ಚಿ ಬಾಡಿಗೆಗೆ ಬಂದಿದ್ದಾನೆ ಎಂದುಕೊಂಡರೆ, ಅಲ್ಲ. ಹಂಡೆಗಳ ನಡುವೆ ನಿಂತು ಹೇಳಿದ:

"ಈಗ ನಿಮಗೂ ನನ್ನಿಂದ ಏನೂ ಆಗ್ಬೇಕಿಲ್ಲ, ನನಗೂ ನಿಮ್ಮಿಂದ ಏನೂ ಆಗ್ಬೇಕಿಲ್ಲ. ಆಲ್ಬಂ ಹೇಗಿದೆ, ಹೇಳಿ."

ಪಿಳ್ಳಪ್ಪ ಲೋಟ ಎಣಿಸುವುದನ್ನು ನಿಲ್ಲಿಸಿದ.

"ಐದು ಹಾಡು ಕಸ. ಅದರಲ್ಲೂ ಸಿಂಹ ಇದ್ಯಲ್ಲ, ಅದನ್ನ ಹೂತು ಹಾಕಿ. ನಲ್ಲಿದು ಒಂದು ಇಟ್ಕೊಳ್ಳಿ. ಅದರಲ್ಲಿ ಗಿಟಾರ್ ತೆಗೀರಿ."

"ಗಿಟಾರ್ ತೆಗೆದ್ರೆ ರಾಕ್ ಎಲ್ಲಿ ಉಳಿಯುತ್ತೆ ಪಿಳ್ಳಪ್ಪನವರೇ?"

"ಉಳೀದೆ ಇದ್ರೆ ಯಾರಪ್ಪನ ಗಂಟು ಹೋಗುತ್ತೆ?"

ಶಶಿಧರ್ ಒಂದು ಹಂಡೆಯನ್ನು ಮಗುಚಿ, ಅದರ ಮೇಲೆ ಕೂತು, "ಕಸ ಅಂದ್ರಲ್ಲ, ಒಂದೊಂದಾಗಿ ಹೇಳಿ. ಯಾಕೆ ಕಸ?" ಎಂದ.

ಪಿಳ್ಳಪ್ಪ ತೋಳು ಮಡಚಿಕೊಂಡು ಶುರುಮಾಡಿದ.